ಎಮ್ಯುಲೇಟರ್ ಕೇಳುವ ಕೀಲಿಕೈ: ಏನಿದು, ಎಲ್ಲಿಂದ ಬರಬೇಕು?

ಹತ್ತು ಹದಿನೈದು ವರ್ಷಗಳ ಹಿಂದೆ ಕೊಂಡ ವಿಡಿಯೋ ಗೇಮ್ ಡಿಸ್ಕ್ ಇನ್ನೂ ಕಪಾಟಿನಲ್ಲಿ ಭದ್ರವಾಗಿದೆ. ಅದನ್ನು ಆಡಿಸುತ್ತಿದ್ದ ಯಂತ್ರ ಮಾತ್ರ ಕೆಟ್ಟು ಮೂಲೆ ಸೇರಿದೆ. ಆ ಮಾದರಿ ಅಂಗಡಿಗಳಿಂದ ಕಣ್ಮರೆಯಾಗಿ ವರ್ಷಗಳೇ ಕಳೆದಿವೆ. ಇಂಥ ಸಂದರ್ಭದಲ್ಲಿ ಅನೇಕರು ಮೊರೆ ಹೋಗುವುದು ಎಮ್ಯುಲೇಟರ್ ಎಂಬ ತಂತ್ರಾಂಶಕ್ಕೆ. ಮನೆಯ ಗಣಕದಲ್ಲಿ ಅದನ್ನು ಅಳವಡಿಸಿ, ಗೇಮನ್ನು ಕಡತದ ರೂಪದಲ್ಲಿ ಒದಗಿಸಿದ ಮೇಲೂ ಪರದೆಯ ಮೇಲೆ ಮೂಡುವುದು ಗೇಮ್ ಅಲ್ಲ, ಒಂದು ಎಚ್ಚರಿಕೆ: ಗೂಢಲಿಪಿ ಬಿಡಿಸುವ ಕೀಲಿಕೈಗಳು ಕಾಣುತ್ತಿಲ್ಲ.

ಮೇಲ್ನೋಟಕ್ಕೆ ಇದೊಂದು ಸಣ್ಣ ತಾಂತ್ರಿಕ ತೊಡಕು. ಕೇಳಲಾಗುತ್ತಿರುವ ಕೀಲಿಕೈ ಎಂದರೆ ಅಂಕಿ ಅಕ್ಷರಗಳು ಬೆರೆತ 32 ಸಂಕೇತಗಳ ಒಂದು ಸಾಲು ಅಷ್ಟೆ. ಆದರೆ ಇಂಥ ಸಾಲುಗಳ ಸುತ್ತ ನಡೆದ ವ್ಯಾಜ್ಯವೊಂದರಲ್ಲಿ ಅಮೆರಿಕದ ಸಂಸ್ಥೆಯೊಂದು 2024ರ ಮಾರ್ಚ್ ತಿಂಗಳಲ್ಲಿ 24 ಲಕ್ಷ ಡಾಲರ್ ತೆರಲು ಒಪ್ಪಿ, ತಾನು ರೂಪಿಸಿದ ಎಮ್ಯುಲೇಟರನ್ನೇ ಕೈಬಿಡಬೇಕಾಯಿತು. ಎಮ್ಯುಲೇಟರ್ ಬೇರೆ, ಅದಕ್ಕೆ ಬೇಕಾದ ಕೀಲಿಕೈ ಬೇರೆ ಎಂಬ ಅಂಶವನ್ನು ಅರಿಯದೆ ಈ ವಿವಾದ ಅರ್ಥವಾಗುವುದಿಲ್ಲ. ತನ್ನದೇ ಗೇಮನ್ನು ತನ್ನ ಗಣಕದಲ್ಲಿ ಆಡಬಯಸುವ ಸಾಮಾನ್ಯ ಬಳಕೆದಾರನಿಗೂ ಈ ವ್ಯತ್ಯಾಸ ತಿಳಿದಿರುವುದು ಒಳಿತು.

ಅನುಕರಣೆ ಎಂದರೇನು?

ಪ್ರತಿಯೊಂದು ಗೇಮ್ ಯಂತ್ರಕ್ಕೂ ತನ್ನದೇ ಆದ ಸಂಸ್ಕಾರಕ, ಚಿತ್ರ ಮೂಡಿಸುವ ಚಿಪ್, ಸ್ಮರಣೆ ಹಾಗೂ ವ್ಯವಸ್ಥಾ ತಂತ್ರಾಂಶ ಇರುತ್ತವೆ. ಆ ಯಂತ್ರಕ್ಕಾಗಿ ಬರೆದ ಗೇಮ್ ಸಾಮಾನ್ಯ ಗಣಕಕ್ಕೆ ಪರಭಾಷೆಯಿದ್ದಂತೆ. ಎಮ್ಯುಲೇಟರ್ ಇಲ್ಲಿ ದುಭಾಷಿಯ ಕೆಲಸ ಮಾಡುತ್ತದೆ. ಮೂಲ ಯಂತ್ರಕ್ಕೆ ನೀಡಿದ ಆದೇಶಗಳನ್ನು ಒಂದೊಂದಾಗಿ ಗಣಕಕ್ಕೆ ಅರ್ಥವಾಗುವಂತೆ ಬದಲಿಸಿ, ಗೇಮ್ ತನ್ನ ಮೂಲ ಯಂತ್ರದಲ್ಲೇ ಓಡುತ್ತಿದೆಯೆಂಬ ಭ್ರಮೆ ಹುಟ್ಟಿಸುತ್ತದೆ.

ಇಂಥ ಅನುಕರಣೆ ತಪ್ಪೇ ಎಂಬ ಪ್ರಶ್ನೆ ಅಮೆರಿಕದ ನ್ಯಾಯಾಲಯದ ಮುಂದೆ ಬಂದು ಕಾಲು ಶತಮಾನವೇ ಆಯಿತು. ಕನೆಕ್ಟಿಕ್ಸ್ ಎಂಬ ಸಂಸ್ಥೆ 1999ರಲ್ಲಿ ಸೋನಿಯ ಪ್ಲೇಸ್ಟೇಷನ್ ಗೇಮ್‌ಗಳನ್ನು ಮ್ಯಾಕಿಂಟಾಷ್ ಗಣಕದಲ್ಲಿ ಆಡಿಸುವ ತಂತ್ರಾಂಶವನ್ನು ಮಾರುಕಟ್ಟೆಗೆ ತಂದಿತು. ಅದನ್ನು ರೂಪಿಸುವಾಗ ಸೋನಿಯ ತಂತ್ರಾಂಶವನ್ನು ನಕಲು ಮಾಡಿ ಅಭ್ಯಸಿಸಲಾಗಿತ್ತು. ಸೋನಿ ಮೊಕದ್ದಮೆ ಹೂಡಿತು. ಆದರೆ 2000ದ ಫೆಬ್ರವರಿಯಲ್ಲಿ ಒಂಬತ್ತನೇ ವಲಯದ ಮೇಲ್ಮನವಿ ನ್ಯಾಯಾಲಯ, ಯಂತ್ರದ ಕಾರ್ಯವಿಧಾನವನ್ನು ಅರಿಯುವುದಕ್ಕಾಗಿ ಮಾಡಿದ ಮಧ್ಯಂತರ ನಕಲು ನ್ಯಾಯಸಮ್ಮತ ಬಳಕೆ ಎಂದು ತೀರ್ಪಿತ್ತಿತು. ಮರುವರ್ಷ ಸೋನಿಯೇ ಆ ತಂತ್ರಾಂಶವನ್ನು ಕೊಂಡು ಅದರ ಮಾರಾಟ ನಿಲ್ಲಿಸಿತು ಎಂಬುದು ಬೇರೆ ಮಾತು. ಎಮ್ಯುಲೇಟರ್ ಕಾನೂನುಬದ್ಧ ಎಂದು ವಾದಿಸುವವರು ಇಂದಿಗೂ ಉಲ್ಲೇಖಿಸುವುದು ಇದೇ ತೀರ್ಪನ್ನು.

ಆದರೆ ಈ ತೀರ್ಪಿಗೊಂದು ಮಿತಿಯಿದೆ. ಮೊದಲ ಪ್ಲೇಸ್ಟೇಷನ್‌ನ ಡಿಸ್ಕ್‌ನಲ್ಲಿ ಅಸಲಿ ನಕಲಿಗಳನ್ನು ಗುರುತಿಸುವ ಒಂದು ಗುರುತು ಇತ್ತೇ ಹೊರತು, ಒಳಗಿನ ಮಾಹಿತಿ ಗೂಢಲಿಪಿಯಲ್ಲಿ ಇರಲಿಲ್ಲ. ಅಂದರೆ ಬಾಗಿಲಿಗೆ ಕಾವಲುಗಾರನಿದ್ದ, ಪೆಟ್ಟಿಗೆಗೆ ಬೀಗವಿರಲಿಲ್ಲ. ಬೀಗ ಬಂದದ್ದು ಆನಂತರದ ತಲೆಮಾರಿನ ಯಂತ್ರಗಳಲ್ಲಿ.

ಬೀಗದೊಳಗೆ ಬೀಗ

2006ರಲ್ಲಿ ಮಾರುಕಟ್ಟೆಗೆ ಬಂದ ನಿಂಟೆಂಡೋ ವೀ ಹಾಗೂ ಪ್ಲೇಸ್ಟೇಷನ್ 3ರ ಹೊತ್ತಿಗೆ ಡಿಸ್ಕ್‌ನ ಮಾಹಿತಿಯನ್ನು ಗೂಢಲಿಪಿಯಲ್ಲಿ ಅಡಗಿಸುವುದು ವಾಡಿಕೆಯಾಗಿತ್ತು. ಇದಕ್ಕೆ ಬಳಕೆಯಾಗುವುದು ಎಇಎಸ್ ಎಂಬ ಗೂಢಲಿಪಿ ವಿಧಾನ. ಬೆಲ್ಜಿಯಂನ ಯೋವನ್ ಡೇಮೆನ್ ಮತ್ತು ವಿನ್ಸೆಂಟ್ ರೈಮೆನ್ ರೂಪಿಸಿದ ಈ ವಿಧಾನವನ್ನು ಅಮೆರಿಕದ ಸರ್ಕಾರ 2001ರಲ್ಲಿ ತನ್ನ ಅಧಿಕೃತ ಮಾನದಂಡವಾಗಿ ಸ್ವೀಕರಿಸಿತು. ಬ್ಯಾಂಕ್ ವ್ಯವಹಾರದಿಂದ ಹಿಡಿದು ಮೊಬೈಲ್ ಸಂದೇಶದವರೆಗೆ ಇಂದು ಎಲ್ಲೆಡೆ ಅದರದೇ ಬಳಕೆ. ವಿಧಾನ ಗುಟ್ಟೇನಲ್ಲ, ಯಾರು ಬೇಕಾದರೂ ಓದಬಹುದು. ಗುಟ್ಟಾಗಿರುವುದು ಕೀಲಿಕೈ ಮಾತ್ರ.

ಗೇಮ್ ಯಂತ್ರಗಳಲ್ಲಿ ಸಾಮಾನ್ಯವಾಗಿ ಬಳಸುವ ಕೀಲಿಕೈ 128 ಬಿಟ್‌ಗಳಷ್ಟು ಉದ್ದದ್ದು. ಅಂದರೆ 16 ಬೈಟ್. ಒಂದೊಂದು ಬೈಟನ್ನು ಎರಡು ಸಂಕೇತಗಳಲ್ಲಿ ಬರೆಯುವುದರಿಂದ 32 ಸಂಕೇತಗಳಾಗುತ್ತವೆ. ಸೊನ್ನೆಯಿಂದ ಒಂಬತ್ತರವರೆಗಿನ ಅಂಕಿಗಳು ಮತ್ತು ಇಂಗ್ಲಿಷಿನ ಎ ಇಂದ ಎಫ್‌ವರೆಗಿನ ಆರು ಅಕ್ಷರಗಳನ್ನು ಬಿಟ್ಟರೆ ಬೇರೇನೂ ಅದರಲ್ಲಿ ಇರುವುದಿಲ್ಲ. ಊಹೆಯಿಂದ ಕೀಲಿಕೈ ಕಂಡುಹಿಡಿಯುವುದು ಅಸಾಧ್ಯ. ಸಾಧ್ಯವಿರುವ ಕೀಲಿಕೈಗಳ ಸಂಖ್ಯೆಯನ್ನು ಬರೆಯಬೇಕಾದರೆ 34ರ ಮುಂದೆ 37 ಸೊನ್ನೆಗಳನ್ನು ಇಡಬೇಕು.

ಇಷ್ಟೇ ಅಲ್ಲ, ಯಂತ್ರದಲ್ಲಿರುವುದು ಒಂದೇ ಕೀಲಿಕೈಯೂ ಅಲ್ಲ. ಒಡವೆ ಪೆಟ್ಟಿಗೆಯ ಕೀಲಿಕೈಯನ್ನು ಬೀರುವಿನೊಳಗಿಟ್ಟು, ಬೀರುವಿನ ಕೀಲಿಕೈಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡಂತೆ ಇಲ್ಲಿನ ವ್ಯವಸ್ಥೆ. ಪ್ರತಿಯೊಂದು ಗೇಮ್‌ಗೂ ಅದರದೇ ಕೀಲಿಕೈ ಇರುತ್ತದೆ. ಅದನ್ನು ಟೈಟಲ್ ಕೀ ಎನ್ನುತ್ತಾರೆ. ಅದು ಗೇಮ್‌ನ ಜೊತೆಗೇ ಬರುತ್ತದೆ, ಆದರೆ ಇನ್ನೊಂದು ಕೀಲಿಕೈಯಿಂದ ಮುಚ್ಚಿದ ಸ್ಥಿತಿಯಲ್ಲಿ. ಮುಚ್ಚಿದ್ದನ್ನು ತೆರೆಯುವ ಆ ಮೇಲಿನ ಕೀಲಿಕೈ ಯಂತ್ರದೊಳಗೆ ಹುದುಗಿರುತ್ತದೆ. ವೀ ಯಂತ್ರದಲ್ಲಿ ಇದಕ್ಕೆ ಕಾಮನ್ ಕೀ ಎಂದು ಹೆಸರು. ಹೆಸರೇ ಹೇಳುವಂತೆ ಎಲ್ಲ ವೀ ಯಂತ್ರಗಳಿಗೂ ಅದೊಂದೇ. 2017ರಲ್ಲಿ ಬಂದ ನಿಂಟೆಂಡೋ ಸ್ವಿಚ್‌ನಲ್ಲಿ ವ್ಯವಸ್ಥೆ ಇನ್ನಷ್ಟು ಬಿಗಿ. ಅಲ್ಲಿ ಮಾಸ್ಟರ್ ಕೀ ಎಂಬ ಕೀಲಿಕೈಯಿದ್ದು, ವ್ಯವಸ್ಥಾ ತಂತ್ರಾಂಶದ ಕೆಲವು ಪರಿಷ್ಕರಣೆಗಳೊಂದಿಗೆ ಅದರ ಹೊಸ ತಲೆಮಾರು ಬರುತ್ತದೆ.

ಕೀಲಿಕೈ ಹೊರಬಿದ್ದ ಬಗೆ

ಇಷ್ಟು ಭದ್ರವಾಗಿದ್ದ ಕೀಲಿಕೈಗಳು ಹೊರಬಿದ್ದದ್ದು ಗೂಢಲಿಪಿಯ ದೋಷದಿಂದಲ್ಲ, ಅದನ್ನು ಅಳವಡಿಸಿದ ಯಂತ್ರದ ದೋಷದಿಂದ.

ವೀ ಯಂತ್ರ ತನಗಿಂತ ಹಿಂದಿನ ಗೇಮ್‌ಕ್ಯೂಬ್ ಗೇಮ್‌ಗಳನ್ನೂ ಆಡಿಸುತ್ತಿತ್ತು. ಆ ಸ್ಥಿತಿಗೆ ಬದಲಾಗುವಾಗ ಸ್ಮರಣೆಯ ಒಂದು ಭಾಗ ಅಳಿಸಿಹೋಗದೆ ಹಾಗೆಯೇ ಉಳಿಯುತ್ತಿತ್ತು. ಹವ್ಯಾಸಿ ತಂತ್ರಜ್ಞರ ತಂಡವೊಂದು ಸರ್ಕಿಟ್ ಹಲಗೆಯ ಮೇಲಿನ ಬಿಂದುಗಳನ್ನು ಚಿಮುಟದಿಂದ ಜೋಡಿಸಿ, ಆ ಭಾಗವನ್ನು ತುಂಡು ತುಂಡಾಗಿ ಓದಿತು. ಕಾಮನ್ ಕೀ ಅದರಲ್ಲೇ ಇತ್ತು. ಚಿಮುಟದ ಇಂಗ್ಲಿಷ್ ಹೆಸರಿನ ಮೇಲೆಯೇ ಆ ತಂಡ ತನಗೆ ಟೀಮ್ ಟ್ವೀಜರ್ಸ್ ಎಂದು ಹೆಸರಿಟ್ಟುಕೊಂಡಿತು.

ಸ್ವಿಚ್‌ನ ಕಥೆ ಬೇರೆ. ಅದರಲ್ಲಿ ಬಳಸಿದ ಎನ್ವಿಡಿಯಾ ಸಂಸ್ಥೆಯ ಟೆಗ್ರಾ ಎಕ್ಸ್1 ಚಿಪ್ ಚಾಲೂ ಆಗುವಾಗ ಎಲ್ಲಕ್ಕಿಂತ ಮೊದಲು ಓಡುವ ಆದೇಶಗಳಲ್ಲೇ ಒಂದು ದೋಷವಿತ್ತು. 2018ರ ಏಪ್ರಿಲ್‌ನಲ್ಲಿ ಅದು ಬಹಿರಂಗವಾಯಿತು. ಆ ಆದೇಶಗಳು ಚಿಪ್‌ನೊಳಗೆ ಶಾಶ್ವತವಾಗಿ ಅಚ್ಚಾಗಿರುವುದರಿಂದ ಆಗಲೇ ಮಾರಾಟವಾಗಿದ್ದ ಯಂತ್ರಗಳಲ್ಲಿ ದೋಷ ಸರಿಪಡಿಸುವ ದಾರಿಯೇ ಇರಲಿಲ್ಲ. ಆನಂತರ ತಯಾರಾದ ಯಂತ್ರಗಳಲ್ಲಿ ಮಾತ್ರ ದೋಷವನ್ನು ನಿವಾರಿಸಲಾಯಿತು. ಹಳೆಯ ಸ್ವಿಚ್ ಇದ್ದವರು ತಮ್ಮ ಯಂತ್ರದಿಂದಲೇ ಕೀಲಿಕೈಗಳನ್ನು ಹೊರತೆಗೆಯಲು ಹಾದಿ ತೆರೆದದ್ದು ಹೀಗೆ.

ಜೋಡಣೆ ಹೇಗೆ ನಡೆಯುತ್ತದೆ?

ಕೀಲಿಕೈಯನ್ನು ಜೋಡಿಸುವ ಕ್ರಮ ಎಮ್ಯುಲೇಟರ್‌ನಿಂದ ಎಮ್ಯುಲೇಟರ್‌ಗೆ ಬೇರೆ. ಗೇಮ್‌ಕ್ಯೂಬ್ ಮತ್ತು ವೀ ಯಂತ್ರಗಳ ಅನುಕರಣೆ ಮಾಡುವ ಡಾಲ್ಫಿನ್‌ನಲ್ಲಿ ಬಳಕೆದಾರ ಏನನ್ನೂ ಮಾಡಬೇಕಿಲ್ಲ, ಕಾಮನ್ ಕೀ ಅದರ ಮೂಲ ಸಂಕೇತದಲ್ಲೇ ಸೇರಿದೆ. ವೀ ಯು ಯಂತ್ರದ ಎಮ್ಯುಲೇಟರ್ ಸೆಮುವಿನಲ್ಲಿ ಗೂಢಲಿಪಿಯಲ್ಲಿರುವ ಡಿಸ್ಕ್ ಪ್ರತಿಗಳಿಗಾಗಿ ಒಂದು ಸರಳ ಪಠ್ಯ ಕಡತವಿರುತ್ತದೆ. ಅದರಲ್ಲಿ ಒಂದು ಸಾಲಿಗೆ ಒಂದು ಕೀಲಿಕೈಯಂತೆ ಬರೆಯಬೇಕು.

ಪ್ಲೇಸ್ಟೇಷನ್ 3ರ ಅನುಕರಣೆ ಮಾಡುವ ಆರ್‌ಪಿಸಿಎಸ್3 ಮೊದಲು ಕೇಳುವುದು ಆ ಯಂತ್ರದ ವ್ಯವಸ್ಥಾ ತಂತ್ರಾಂಶವನ್ನು. ಯಂತ್ರ ಕೊಂಡವರ ಅನುಕೂಲಕ್ಕಾಗಿ ಸೋನಿಯೇ ಅದನ್ನು ತನ್ನ ಜಾಲತಾಣದಲ್ಲಿ ಉಚಿತವಾಗಿ ಇಟ್ಟಿರುವುದರಿಂದ ಇನ್ನೆಲ್ಲೋ ಹುಡುಕುವ ಅಗತ್ಯವಿಲ್ಲ. ಸೋನಿಯ ಅಂತರ್ಜಾಲ ಅಂಗಡಿಯಿಂದ ಕೊಂಡ ಗೇಮ್‌ಗಾದರೆ ಅದರ ಜೊತೆಗಿನ ಸಣ್ಣ ಪರವಾನಗಿ ಕಡತವೂ ಬೇಕು.

ಸ್ವಿಚ್ ಎಮ್ಯುಲೇಟರ್‌ಗಳಲ್ಲಿ ಎರಡು ಕಡತಗಳು ಬಳಕೆಯಲ್ಲಿವೆ. ಪ್ರಾಡ್ ಕೀಸ್ ಎಂಬುದರಲ್ಲಿ ಯಂತ್ರದ ಮೂಲ ಕೀಲಿಕೈಗಳೂ ಟೈಟಲ್ ಕೀಸ್ ಎಂಬುದರಲ್ಲಿ ಆಯಾ ಗೇಮ್‌ನ ಕೀಲಿಕೈಗಳೂ ಇರುತ್ತವೆ. ಕಡತವನ್ನು ತೆರೆದು ನೋಡಿದರೆ ಎಡಕ್ಕೆ ಕೀಲಿಕೈಯ ಹೆಸರು, ನಡುವೆ ಸಮ ಚಿಹ್ನೆ, ಬಲಕ್ಕೆ ಸಂಕೇತಗಳ ಸಾಲು ಕಾಣುತ್ತದೆ. ಇವನ್ನು ಎಮ್ಯುಲೇಟರ್‌ನ ಮಾಹಿತಿ ಕೋಶದಲ್ಲಿ ನಿಗದಿಯಾದ ಜಾಗದಲ್ಲಿಟ್ಟು ತಂತ್ರಾಂಶವನ್ನು ಮತ್ತೆ ಆರಂಭಿಸಿದರೆ ಕೆಲಸ ಮುಗಿಯಿತು.

ಹಾಗಿದ್ದೂ ಎಚ್ಚರಿಕೆಯ ಸಂದೇಶ ಮರುಕಳಿಸಿದರೆ ಸಾಮಾನ್ಯವಾಗಿ ಕಾರಣ ಮೂರರಲ್ಲೊಂದು. ಮೊದಲನೆಯದು, ಕಡತ ತಪ್ಪು ಕೋಶದಲ್ಲಿರುವುದು. ಎರಡನೆಯದು, ಹೆಸರಿನ ತಪ್ಪು. ವಿಂಡೋಸ್‌ನಲ್ಲಿ ಕಡತದ ಹೆಸರಿನ ಕೊನೆಯ ಭಾಗ ಕಾಣದಂತೆ ಇರುವುದರಿಂದ, ಪಠ್ಯ ಕಡತವೆಂಬ ಬಾಲ ಅಂಟಿಕೊಂಡಿದ್ದರೂ ಬಳಕೆದಾರನ ಗಮನಕ್ಕೆ ಬರುವುದಿಲ್ಲ. ಮೂರನೆಯದು, ತಲೆಮಾರಿನ ಅಂತರ. ಕೀಲಿಕೈಗಳನ್ನು ತೆಗೆದ ಮೇಲೆ ಯಂತ್ರದ ವ್ಯವಸ್ಥಾ ತಂತ್ರಾಂಶ ಪರಿಷ್ಕರಣೆಗೊಂಡಿದ್ದರೆ, ಹೊಸ ಮಾಸ್ಟರ್ ಕೀ ಬಳಸಿದ ಗೇಮ್ ಹಳೆಯ ಕಡತದಿಂದ ತೆರೆಯುವುದಿಲ್ಲ. ಆಗ ಅದೇ ಯಂತ್ರದಿಂದ ಮತ್ತೊಮ್ಮೆ ಕೀಲಿಕೈ ತೆಗೆಯಬೇಕಾಗುತ್ತದೆ.

ಸುಲಭದ ದಾರಿಯ ಅಪಾಯ

ಇಲ್ಲಿಯೇ ಅನೇಕರು ಎಡವುವುದು. ಯಂತ್ರ ಬಿಚ್ಚುವ, ತಂತಿ ಜೋಡಿಸುವ ಗೊಡವೆ ಏಕೆಂದು ಅಂತರ್ಜಾಲದಲ್ಲಿ ಸಿಗುವ ಸಿದ್ಧ ಕೀಲಿ ಕಡತವನ್ನು ಇಳಿಸಿಕೊಳ್ಳುತ್ತಾರೆ. ಕೀಲಿಕೈ ಕಡತ ಬರಿಯ ಪಠ್ಯ, ಕೆಲವು ಕಿಲೋಬೈಟ್‌ಗಳಷ್ಟೇ ಗಾತ್ರದ್ದು. ಅದರ ಹೆಸರಿನಲ್ಲಿ ಚಾಲನೆಯಾಗಬಲ್ಲ ತಂತ್ರಾಂಶವನ್ನೋ ಗುಪ್ತಪದ ಹಾಕಿದ ದೊಡ್ಡ ಕಟ್ಟನ್ನೋ ಯಾರಾದರೂ ಕೊಟ್ಟರೆ, ಅದರೊಳಗೆ ಗಣಕಕ್ಕೆ ಹಾನಿ ಮಾಡುವ ವೈರಸ್ ಇರಬಹುದೆಂದೇ ತಿಳಿಯಬೇಕು.

ತನ್ನ ಯಂತ್ರದಿಂದ ತೆಗೆದ ಕಡತವನ್ನು ಮತ್ತೊಬ್ಬರಿಗೆ ಕೊಡುವುದೂ ಕ್ಷೇಮವಲ್ಲ. ಎಲ್ಲ ಯಂತ್ರಗಳಿಗೂ ಸಮಾನವಾದ ಕೀಲಿಕೈಗಳ ಜೊತೆಗೆ ಆ ಒಂದು ಯಂತ್ರಕ್ಕೆ ಮಾತ್ರ ಸೇರಿದ ಕೀಲಿಕೈಗಳೂ ಅದರಲ್ಲಿರಬಹುದು. ಅಲ್ಲದೆ, ಮಾರ್ಪಡಿಸಿದ ಯಂತ್ರ ತನ್ನ ಜಾಲಕ್ಕೆ ಬಂದುದು ಪತ್ತೆಯಾದರೆ ನಿಂಟೆಂಡೋ ಅದಕ್ಕೆ ಶಾಶ್ವತವಾಗಿ ಬಾಗಿಲು ಮುಚ್ಚುತ್ತದೆ.

ಕೀಲಿಕೈಗೇ ಬಿದ್ದ ಪೆಟ್ಟು

2023ರ ಮೇ ತಿಂಗಳಲ್ಲಿ ಈ ವಿವಾದ ಏಕಕಾಲಕ್ಕೆ ಎರಡು ಕಡೆ ಭುಗಿಲೆದ್ದಿತು. ಸ್ವಿಚ್‌ನಿಂದ ಕೀಲಿಕೈ ಹೊರತೆಗೆಯಲು ಬಳಸುತ್ತಿದ್ದ ಲಾಕ್‌ಪಿಕ್ ಎಂಬ ಉಪಕರಣವನ್ನು ತೆಗೆದುಹಾಕುವಂತೆ ನಿಂಟೆಂಡೋ ನೋಟಿಸ್ ನೀಡಿತು. ಅದೇ ತಿಂಗಳು ಸ್ಟೀಮ್ ಎಂಬ ಗೇಮ್ ಮಾರಾಟ ತಾಣದಲ್ಲಿ ಡಾಲ್ಫಿನ್ ಬರಬೇಕಿದ್ದುದಕ್ಕೆ ತಡೆಯೊಡ್ಡಿತು. ಅದು ಎತ್ತಿದ ಆಕ್ಷೇಪ ಅನುಕರಣೆಯ ಬಗ್ಗೆ ಅಲ್ಲ, ಡಾಲ್ಫಿನ್ ಆ ಕಾಮನ್ ಕೀ ಬಳಸಿ ಗೂಢಲಿಪಿ ಬಿಡಿಸುತ್ತದೆ ಎಂಬುದರ ಬಗ್ಗೆ. ಜುಲೈನಲ್ಲಿ ಡಾಲ್ಫಿನ್ ತಂಡ ಸ್ಟೀಮ್‌ನ ಆಸೆ ಬಿಟ್ಟಿತು. ಆದರೆ ಕೀಲಿಕೈಯನ್ನು ತೆಗೆಯದೆ ತನ್ನದೇ ತಾಣದಿಂದ ಎಮ್ಯುಲೇಟರ್ ಹಂಚುವುದನ್ನು ಮುಂದುವರಿಸಿತು.

ದೊಡ್ಡ ಪೆಟ್ಟು ಬಿದ್ದದ್ದು ಯುಜು ಎಂಬ ಸ್ವಿಚ್ ಎಮ್ಯುಲೇಟರ್‌ಗೆ. ಅದನ್ನು ರೂಪಿಸಿದ ಟ್ರಾಪಿಕ್ ಹೇಜ್ ಸಂಸ್ಥೆಯ ಮೇಲೆ ನಿಂಟೆಂಡೋ 2024ರ ಫೆಬ್ರವರಿ 26ರಂದು ರೋಡ್ ಐಲೆಂಡ್‌ನ ಫೆಡರಲ್ ನ್ಯಾಯಾಲಯದಲ್ಲಿ ದಾವೆ ಹೂಡಿತು. 2023ರ ಮೇ 12ರಂದು ಬಿಡುಗಡೆಯಾಗಬೇಕಿದ್ದ ಜೆಲ್ಡಾ ಸರಣಿಯ ಹೊಸ ಗೇಮ್ ಮೊದಲೇ ಸೋರಿಕೆಯಾಗಿ ಹತ್ತು ಲಕ್ಷಕ್ಕೂ ಹೆಚ್ಚು ಬಾರಿ ಅಕ್ರಮವಾಗಿ ಡೌನ್‌ಲೋಡ್ ಆಗಿತ್ತು ಎಂಬುದು ಅದರ ಆರೋಪ. ಯುಜು ಕೀಲಿಕೈಗಳನ್ನು ತಾನಾಗಿ ಕೊಡುತ್ತಿರಲಿಲ್ಲ, ಬಳಕೆದಾರರೇ ತರಬೇಕಿತ್ತು. ಆದರೆ ಕೀಲಿಕೈ ಸಿಕ್ಕ ಮೇಲೆ ಗೂಢಲಿಪಿ ಬಿಡಿಸುವುದು ಯುಜುವೇ, ಕೀಲಿಕೈ ಪಡೆಯುವ ದಾರಿ ತೋರಿದ್ದೂ ಅದರದೇ ಮಾರ್ಗದರ್ಶಿ ಎಂದು ನಿಂಟೆಂಡೋ ವಾದಿಸಿತು. ರಕ್ಷಣಾ ಬೀಗವನ್ನು ಮುರಿಯುವುದನ್ನೂ ಮುರಿಯುವ ಸಾಧನ ಹಂಚುವುದನ್ನೂ ನಿಷೇಧಿಸುವ 1998ರ ಅಮೆರಿಕನ್ ಕಾಯ್ದೆ ಈ ವಾದಕ್ಕೆ ಆಧಾರ.

ವಾದ ಪ್ರತಿವಾದ ನಡೆಯಲೇ ಇಲ್ಲ. ಮಾರ್ಚ್ 4ರಂದು ರಾಜಿಯಾಗಿ ಯುಜು ನಿಂತಿತು. ಅದರೊಡನೆ 3ಡಿಎಸ್ ಯಂತ್ರದ ಎಮ್ಯುಲೇಟರ್ ಸಿಟ್ರಾ ಕೂಡ ಕೊನೆಗೊಂಡಿತು. ಅದೇ ವರ್ಷದ ಅಕ್ಟೋಬರ್ 1ರಂದು, ನಿಂಟೆಂಡೋ ಮುಂದಿಟ್ಟ ಒಪ್ಪಂದದ ಬೆನ್ನಲ್ಲೇ, ರಿಯುಜಿಂಕ್ಸ್ ಎಂಬ ಇನ್ನೊಂದು ಸ್ವಿಚ್ ಎಮ್ಯುಲೇಟರ್ ಕೂಡ ನಿಂತಿತು. ವಿಚಾರಣೆ ನಡೆಯದ ಕಾರಣ, ತನ್ನದೇ ಯಂತ್ರದಿಂದ ತನ್ನದೇ ಬಳಕೆಗೆ ಕೀಲಿಕೈ ತೆಗೆದವನು ತಪ್ಪಿತಸ್ಥನೇ ಎಂಬ ಪ್ರಶ್ನೆಗೆ ಈ ಪ್ರಕರಣದಿಂದ ಉತ್ತರ ದೊರೆಯಲಿಲ್ಲ.

ನಮ್ಮ ಕಾನೂನು ಏನೆನ್ನುತ್ತದೆ?

ಬೆಂಗಳೂರಿನಲ್ಲೋ ಹುಬ್ಬಳ್ಳಿಯಲ್ಲೋ ಕುಳಿತು ಎಮ್ಯುಲೇಟರ್ ಬಳಸುವವರಿಗೆ ಅನ್ವಯಿಸುವುದು ಭಾರತದ 1957ರ ಕೃತಿಸ್ವಾಮ್ಯ ಕಾಯ್ದೆ. 2012ರ ತಿದ್ದುಪಡಿಯಲ್ಲಿ ಅದಕ್ಕೆ 65ಎ ಎಂಬ ಕಲಂ ಸೇರಿತು. ಕೃತಿಸ್ವಾಮ್ಯದ ರಕ್ಷಣೆಗೆಂದು ಅಳವಡಿಸಿದ ತಾಂತ್ರಿಕ ಬೀಗವನ್ನು, ಆ ಹಕ್ಕುಗಳನ್ನು ಉಲ್ಲಂಘಿಸುವ ಉದ್ದೇಶದಿಂದ ಮುರಿದರೆ ಎರಡು ವರ್ಷಗಳವರೆಗೆ ಸೆರೆವಾಸ ಹಾಗೂ ದಂಡ ವಿಧಿಸಬಹುದು.

ಇಲ್ಲಿ ಗಮನಿಸಬೇಕಾದದ್ದು ಉದ್ದೇಶ ಎಂಬ ಪದ. ಬೀಗ ಮುರಿದದ್ದೇ ಅಪರಾಧವಲ್ಲ, ಉಲ್ಲಂಘನೆಯ ಉದ್ದೇಶವೂ ಇರಬೇಕು. ಕಾಯ್ದೆ ನಿಷೇಧಿಸದ ಕೆಲಸಕ್ಕಾಗಿ ಬೀಗ ತೆರೆಯುವುದನ್ನೂ, ನ್ಯಾಯಯುತವಾಗಿ ಪಡೆದ ಪ್ರತಿಯ ಮೇಲೆ ನಡೆಸುವ ಗೂಢಲಿಪಿ ಸಂಶೋಧನೆಯನ್ನೂ ಅದೇ ಕಲಂ ಹೊರಗಿಟ್ಟಿದೆ. ಆದರೆ ಹಾಗೆ ತೆರೆಯಲು ಇನ್ನೊಬ್ಬರಿಗೆ ನೆರವಾಗುವವನು ಅವರ ಹೆಸರು, ವಿಳಾಸ, ಉದ್ದೇಶಗಳ ದಾಖಲೆ ಇಡಬೇಕೆಂಬ ಷರತ್ತಿದೆ. ಕೀಲಿಕೈಯನ್ನು ಊರಿಗೆಲ್ಲ ಹಂಚುವವರಿಗೆ ಈ ರಿಯಾಯಿತಿ ದಕ್ಕುವುದು ಕಷ್ಟ.

ಇನ್ನು 52ನೇ ಕಲಂ, ಗಣಕ ತಂತ್ರಾಂಶದ ಪ್ರತಿಯನ್ನು ನ್ಯಾಯಯುತವಾಗಿ ಹೊಂದಿದವನು ಅದು ಹಾಳಾದೀತೆಂಬ ಮುನ್ನೆಚ್ಚರಿಕೆಯಾಗಿ ಇನ್ನೊಂದು ಪ್ರತಿ ಮಾಡಿಟ್ಟುಕೊಳ್ಳಲು ಅವಕಾಶ ನೀಡುತ್ತದೆ. ಗೇಮ್ ಎಂಬುದು ತಂತ್ರಾಂಶದ ಜೊತೆಗೆ ಸಂಗೀತ, ಚಿತ್ರ, ಕಥೆಗಳನ್ನೂ ಒಳಗೊಂಡ ಕೃತಿಯಾದ್ದರಿಂದ ಈ ರಿಯಾಯಿತಿ ಅದರ ಎಲ್ಲ ಭಾಗಗಳಿಗೂ ಅನ್ವಯಿಸುತ್ತದೆಯೇ ಎಂಬುದು ವಾದಕ್ಕೆ ಎಡೆಕೊಡುವ ವಿಷಯ. ಕೊಳ್ಳದ ಗೇಮನ್ನು ಇಳಿಸಿಕೊಂಡು ಆಡುವುದು ಮಾತ್ರ ಯಾವ ರಿಯಾಯಿತಿಯಡಿಯೂ ಬರುವುದಿಲ್ಲ.

ಕೀಲಿಕೈ ಕಳೆದರೆ ಗೇಮ್ ಇಲ್ಲ

ಕಂಪನಿಗಳ ಆತಂಕ ಸುಳ್ಳಲ್ಲ. ಹೊಸ ಗೇಮ್ ಬಿಡುಗಡೆಗೆ ಮುನ್ನವೇ ಲಕ್ಷಾಂತರ ಜನರ ಕೈಸೇರಿದರೆ, ವರ್ಷಗಟ್ಟಲೆ ದುಡಿದವರ ಶ್ರಮ ನೀರುಪಾಲಾಗುತ್ತದೆ. ಆದರೆ ನಾಣ್ಯಕ್ಕೆ ಇನ್ನೊಂದು ಮುಖವಿದೆ. ಅಮೆರಿಕದ ವಿಡಿಯೋ ಗೇಮ್ ಹಿಸ್ಟರಿ ಫೌಂಡೇಷನ್ 2023ರಲ್ಲಿ ನಡೆಸಿದ ಅಧ್ಯಯನದ ಪ್ರಕಾರ, ಆ ದೇಶದಲ್ಲಿ ಬಿಡುಗಡೆಯಾದ ಹಳೆಯ ಗೇಮ್‌ಗಳಲ್ಲಿ ಶೇ 87ರಷ್ಟು ಈಗ ಅಂಗಡಿಯಲ್ಲಿ ಸಿಗುವುದಿಲ್ಲ. ವೀ ಯಂತ್ರದ ಅಂತರ್ಜಾಲ ಅಂಗಡಿ 2019ರ ಜನವರಿಯಲ್ಲಿ ಮುಚ್ಚಿತು. 3ಡಿಎಸ್ ಮತ್ತು ವೀ ಯು ಅಂಗಡಿಗಳಲ್ಲಿ ಮಾರಾಟ 2023ರ ಮಾರ್ಚ್ 27ರಂದು ನಿಂತಿತು. ಮಾರಾಟಕ್ಕಿಲ್ಲದ ಗೇಮ್‌ಗಳನ್ನು ಸಂಶೋಧಕರು ದೂರದಿಂದಲೇ ಬಳಸಲು ಗ್ರಂಥಾಲಯಗಳು ಅನುವು ಮಾಡಿಕೊಡಲಿ ಎಂಬ ಕೋರಿಕೆಯನ್ನು ಅಮೆರಿಕದ ಕೃತಿಸ್ವಾಮ್ಯ ಕಚೇರಿ 2024ರ ಅಕ್ಟೋಬರ್‌ನಲ್ಲಿ ತಳ್ಳಿಹಾಕಿತು.

ಹಳೆಯ ಪುಸ್ತಕಕ್ಕೆ ಹುಳು ಹಿಡಿದರೂ ಉಳಿದ ಪುಟಗಳನ್ನು ಓದಬಹುದು. ಗೂಢಲಿಪಿಯಲ್ಲಿರುವ ಡಿಸ್ಕ್ ಒಂದಿಷ್ಟೂ ಗೀರಿಲ್ಲದೆ ಉಳಿದರೂ, ಕೀಲಿಕೈ ಕಳೆದುಹೋದರೆ ಅದರಿಂದ ಒಂದಕ್ಷರವೂ ದೊರೆಯದು. ಆ ಕೀಲಿಕೈ ಇರುವುದು ಮೂಲೆಯಲ್ಲಿ ಧೂಳು ತಿನ್ನುತ್ತಿರುವ ಯಂತ್ರದ ಹೊಟ್ಟೆಯಲ್ಲಿ. ಯಂತ್ರ ಪೂರ್ತಿ ಕೆಟ್ಟ ಮೇಲೆ ತೆಗೆಯಲು ಹೊರಟರೆ ಕಾಲ ಮಿಂಚಿರುತ್ತದೆ.

ಆದ್ದರಿಂದ ಎಮ್ಯುಲೇಟರ್‌ನ ಎಚ್ಚರಿಕೆ ಸಂದೇಶ ಕಂಡವರು ಸಿದ್ಧ ಕಡತಕ್ಕಾಗಿ ಅಂತರ್ಜಾಲ ಜಾಲಾಡುವ ಮುನ್ನ ಮೂರು ಪ್ರಶ್ನೆ ಕೇಳಿಕೊಳ್ಳುವುದು ಲೇಸು. ಗೇಮ್ ತಾನು ಕೊಂಡದ್ದೇ? ಕೀಲಿಕೈ ತನ್ನ ಯಂತ್ರದ್ದೇ? ಅವೆರಡೂ ತನ್ನ ಮನೆಯಲ್ಲೇ ಉಳಿಯುತ್ತವೆಯೇ? ಮೂರಕ್ಕೂ ಹೌದೆಂಬ ಉತ್ತರ ಬಂದರೂ ಕಾನೂನಿನ ಎಲ್ಲ ಸಂದೇಹ ತೀರಿದಂತಲ್ಲ. ಆದರೆ ಒಂದಕ್ಕೆ ಇಲ್ಲವೆಂಬ ಉತ್ತರ ಬಂದರೂ, ಅದು ಹಳೆಯ ಗೇಮನ್ನು ಉಳಿಸಿಕೊಳ್ಳುವ ಕೆಲಸವಾಗಿ ಉಳಿಯುವುದಿಲ್ಲ.